ಎರಡಾಣೆಯ ಪಾಠ

ಸಿದ್ದಾಪುರದಂಥ ಸಣ್ಣ ಊರಿನ ಶಾಲೆಗೆ ಕಾಲೇಜು ಹುಡುಗ ಹುಡುಗಿಯರು ಬಂದು ಉಳಿತಾಯ, ಬಡ್ಡಿ, ವಿಮೆಯ ಪಾಠ ಹೇಳಿದರೆ ಅದು ಹೊಸ ಕಾಲದ ಸೇವೆಯೆಂದು ಹೊಗಳುವುದು ವಾಡಿಕೆ. ಆದರೆ ಉಡುಪಿ ಸೀಮೆಯಲ್ಲಿ ಈ ಪಾಠ ಹಳೆಯದು. 1925ರಲ್ಲಿ ಡಾ. ಟಿ.ಎಂ.ಎ. ಪೈ, ಉಪೇಂದ್ರ ಅನಂತ ಪೈ, ವಾಮನ ಕುಡ್ವರು 8,000 ರೂಪಾಯಿ ಬಂಡವಾಳದಲ್ಲಿ ಕಟ್ಟಿದ ಬ್ಯಾಂಕು (ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು ಇದೇ) 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು. ಅದನ್ನು ವಸೂಲಿ ಮಾಡಲು ಏಜೆಂಟನೇ ಮನೆಗೆ, ಅಂಗಡಿಗೆ ಬರುತ್ತಿದ್ದ. ಬ್ಯಾಂಕಿನ ಮೆಟ್ಟಿಲು ಹತ್ತಲು ಅಳುಕುವವರಿಗೆ ಲೆಕ್ಕ ಕಲಿಸಿದ್ದು ಭಾಷಣವಲ್ಲ, ದಿನವೂ ತಪ್ಪದ ಆ ಭೇಟಿ. ಆದ್ದರಿಂದಲೇ ವರ್ಷಕ್ಕೊಮ್ಮೆ ಬಂದು ಹೋಗುವ ಸ್ವಯಂಸೇವಕರ ಮೇಲೆ ನನಗೆ ಹೆಚ್ಚಿನ ಭರವಸೆಯಿಲ್ಲ. ವಾರವಾರ ಬರುವವರ ಮೇಲೆ ಇದೆ.

ಪಿಗ್ಮಿ ಎಂಬುದು ಬ್ಯಾಂಕಿನ ವ್ಯಾಪಾರವಷ್ಟೇ, ಶಿಕ್ಷಣವೇನಲ್ಲ ಎನ್ನಬಹುದು. ವ್ಯಾಪಾರ ಹೌದು, ಆದರೆ ಅಭ್ಯಾಸ ಬೆಳೆದದ್ದೂ ಸುಳ್ಳಲ್ಲ. ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯಿದೆ: ಗೇಣಿಯ ಅಕ್ಕಿ ಅಳೆದುಕೊಟ್ಟ ಮೇಲೆ ಒಕ್ಕಲಿನ ಕೈಯಲ್ಲಿ ಉಳಿಸಲು ಉಳಿಯುತ್ತಿದ್ದುದೇನು? ಅಂಥ ಮನೆಗಳಿಗೆ, ಉಳುವ ಒಕ್ಕಲಿಗೇ ಭೂಮಿ ಕೊಟ್ಟ 1974ರ ಭೂಸುಧಾರಣಾ ತಿದ್ದುಪಡಿ ಯಾವ ಉಳಿತಾಯ ಪಾಠಕ್ಕಿಂತಲೂ ದೊಡ್ಡದು. ಇದನ್ನು ಒಪ್ಪಲೇಬೇಕು. ಆದರೆ ಭೂಮಿ ಸಿಕ್ಕವರಿಗೂ ಸಾಲದ ಪತ್ರ ಓದಲು ಬರಬೇಕಿತ್ತು. ಪಿಗ್ಮಿ ಕೂಡಿಡುವುದನ್ನು ಕಲಿಸಿತು, ಸಾಲದ ಬಡ್ಡಿ ಹೇಗೆ ಬೆಳೆಯುತ್ತದೆಂದು ಕಲಿಸಲಿಲ್ಲ. ಇಂದಿನ ವಿದ್ಯಾರ್ಥಿಗಳು ಹಿಡಿಯಬೇಕಾದ ಪಾಠ ಅದು: ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ಶೇ. 36 ಎಂಬುದನ್ನು ಏಳನೇ ತರಗತಿಯ ಮಗು ತಾನೇ ಹಲಗೆಯ ಮೇಲೆ ಮಾಡಿ ತೋರಿಸಬೇಕು.