ವೆಸ್ಟ್ರೇ–ಪಾಪಾ ವೆಸ್ಟ್ರೇ ವಿಮಾನಮಾರ್ಗ

ವೆಸ್ಟ್ರೇ–ಪಾಪಾ ವೆಸ್ಟ್ರೇ ವಿಮಾನಮಾರ್ಗವು ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಸಮೂಹದ ಎರಡು ಸಣ್ಣ ದ್ವೀಪಗಳ ವಿಮಾನ ನಿಲ್ದಾಣಗಳನ್ನು ಸೇರಿಸುತ್ತದೆ. ಇವುಗಳ ನಡುವಿನ ದೂರ ಸುಮಾರು 2.7 ಕಿ.ಮೀ. (1.7 ಮೈಲಿ). ಇದು ಜಗತ್ತಿನ ಅತ್ಯಂತ ಚಿಕ್ಕ ನಿಗದಿತ ಪ್ರಯಾಣಿಕ ವಿಮಾನಯಾನವೆಂದು ಪ್ರಸಿದ್ಧವಾಗಿದೆ. ಲೋಗನ್‌ಏರ್ ಸಂಸ್ಥೆಯು 1967ರಲ್ಲಿ ಈ ಸೇವೆಯನ್ನು ಆರಂಭಿಸಿತು. ನಿಲ್ದಾಣಗಳ ಸಂಕೇತಾಕ್ಷರಗಳು ಕ್ರಮವಾಗಿ ಡಬ್ಲ್ಯುಆರ್‌ವೈ ಮತ್ತು ಪಿಪಿಡಬ್ಲ್ಯು.

ದೂರ ಮತ್ತು ಅವಧಿ

ಎಡಿನ್‌ಬರೊ ವಿಮಾನ ನಿಲ್ದಾಣದ ರನ್‌ವೇಯ ಉದ್ದವೂ ಈ ಇಡೀ ಪ್ರಯಾಣದ ದೂರವೂ ಬಹುತೇಕ ಸಮನಾಗಿವೆ. ವೇಳಾಪಟ್ಟಿಯಲ್ಲಿ ಎರಡು ನಿಮಿಷಗಳನ್ನು ನಮೂದಿಸಲಾಗಿದ್ದರೂ ಗಾಳಿ ಅನುಕೂಲವಾಗಿದ್ದಾಗ ಒಂದೂವರೆ ನಿಮಿಷವೂ ಬೇಕಾಗುವುದಿಲ್ಲ. ಪೈಲಟ್ ಸ್ಟುವರ್ಟ್ ಲಿಂಕ್ಲೇಟರ್ 53 ಸೆಕೆಂಡುಗಳಲ್ಲಿ ಹಾರಿದ್ದು ಈ ಮಾರ್ಗದ ದಾಖಲೆಯಾಗಿದೆ. ಆ ಲೆಕ್ಕದಲ್ಲಿ ಸರಾಸರಿ ವೇಗ ಗಂಟೆಗೆ ಸುಮಾರು 183 ಕಿ.ಮೀ. ಆಗುತ್ತದೆ.

ಇಷ್ಟು ಕಡಿಮೆ ದೂರದಲ್ಲಿ ವಿಮಾನದ ವೇಗಕ್ಕಿಂತ ಗಾಳಿಯ ದಿಕ್ಕೇ ಅವಧಿಯನ್ನು ನಿರ್ಧರಿಸುತ್ತದೆ. ವಿಮಾನಗಳು ಸಾಮಾನ್ಯವಾಗಿ ಎದುರುಗಾಳಿಯಲ್ಲಿ ಏರಿ, ಎದುರುಗಾಳಿಯಲ್ಲೇ ಇಳಿಯುತ್ತವೆ. ಗಂತವ್ಯಕ್ಕೆ ವಿರುದ್ಧ ದಿಕ್ಕಿನಲ್ಲಿ ಏರಬೇಕಾಗಿ ಬಂದರೆ, ತಿರುಗಿ ಬರುವ ಸುತ್ತಿಗೇ ನೇರ ಹಾರಾಟಕ್ಕಿಂತ ಹೆಚ್ಚು ಸಮಯ ಹಿಡಿಯಬಹುದು. ಆದ್ದರಿಂದ ನಕ್ಷೆಯ ಮೇಲಿನ ದೂರವನ್ನು ವಿಮಾನದ ಗರಿಷ್ಠ ವೇಗದಿಂದ ಭಾಗಿಸಿ ಅವಧಿಯನ್ನು ಊಹಿಸುವ ಸಾಮಾನ್ಯ ಕ್ರಮ ಇಲ್ಲಿ ಸರಿಹೊಂದುವುದಿಲ್ಲ.

ವಿಮಾನ

ಈ ಮಾರ್ಗದಲ್ಲಿ ಎರಡು ಎಂಜಿನ್‌ಗಳ ಬ್ರಿಟನ್-ನಾರ್ಮನ್ ಐಲ್ಯಾಂಡರ್ ವಿಮಾನವನ್ನು ಬಳಸಲಾಗುತ್ತದೆ. ಇದರ ಮಾದರಿ ವಿಮಾನ 1965ರಲ್ಲಿ ಮೊದಲ ಬಾರಿ ಹಾರಿತು. ಸುಮಾರು ಅರ್ಧ ಕಿಲೋಮೀಟರ್ ಉದ್ದದ ರನ್‌ವೇಗಳಿಂದಲೂ ಇದು ಕಾರ್ಯನಿರ್ವಹಿಸಬಲ್ಲುದು. ಎಂಟು ಪ್ರಯಾಣಿಕರಿಗೆ ಮಾತ್ರ ಸ್ಥಳವಿದ್ದು, ಅವರಲ್ಲಿ ಒಬ್ಬರು ಪೈಲಟ್‌ನ ಪಕ್ಕದಲ್ಲಿಯೇ ಕುಳಿತುಕೊಳ್ಳುತ್ತಾರೆ.

ಉಪಯೋಗ

ದಾಖಲೆಯ ಕಾರಣದಿಂದ ಪ್ರವಾಸಿಗರು ಬರುತ್ತಾರೆ, ಪ್ರಮಾಣಪತ್ರ ಪಡೆದು ಹಿಂದಿರುಗುತ್ತಾರೆ. ದ್ವೀಪವಾಸಿಗಳಿಗಾದರೋ ಇದು ಬಸ್ಸಿದ್ದಂತೆ. 2011ರ ಜನಗಣತಿಯಲ್ಲಿ ವೆಸ್ಟ್ರೇಯ ಜನಸಂಖ್ಯೆ 588, ಪಾಪಾ ವೆಸ್ಟ್ರೇಯದು ಕೇವಲ 90. ಇಷ್ಟು ಚಿಕ್ಕ ಸಮುದಾಯದಲ್ಲಿ ಎಲ್ಲ ವಿಷಯಗಳ ಶಿಕ್ಷಕರಾಗಲಿ, ಆಸ್ಪತ್ರೆಯಾಗಲಿ ಇರುವುದು ಸಾಧ್ಯವಿಲ್ಲ. ಸಂಚಾರಿ ಶಿಕ್ಷಕರು, ವೈದ್ಯರು, ರೋಗಿಗಳು ಮತ್ತು ವಿದ್ಯಾರ್ಥಿಗಳು ಇದೇ ವಿಮಾನವನ್ನು ಅವಲಂಬಿಸಿದ್ದಾರೆ. ಎರಡು ದ್ವೀಪಗಳ ನಡುವೆ ದೋಣಿಯೂ ಇದೆ. ಅದಕ್ಕೆ ಸುಮಾರು 25 ನಿಮಿಷ ಬೇಕಾಗುತ್ತದೆ.

ವಾಸ್ತವವಾಗಿ ಈ ಎರಡು ನಿಮಿಷಗಳ ಹಾರಾಟವು ದೊಡ್ಡದೊಂದು ಸುತ್ತಿನ ತುಣುಕು ಮಾತ್ರ. ವಿಮಾನವು ಆರ್ಕ್ನಿಯ ಮುಖ್ಯ ಪಟ್ಟಣವಾದ ಕರ್ಕ್‌ವಾಲ್‌ನಿಂದ ಹೊರಟು, 40 ಕಿ.ಮೀ.ಗಿಂತ ತುಸು ಹೆಚ್ಚು ದೂರವನ್ನು ಸುಮಾರು ಕಾಲು ಗಂಟೆಯಲ್ಲಿ ಕ್ರಮಿಸಿ ಒಂದು ದ್ವೀಪವನ್ನು ತಲುಪುತ್ತದೆ. ನೆರೆಯ ದ್ವೀಪದಲ್ಲಿ ಇಳಿದು ಕರ್ಕ್‌ವಾಲ್‌ಗೆ ಮರಳುತ್ತದೆ. ಕೇವಲ ಟಿಕೆಟ್ ಹಣದಿಂದ ಇಂತಹ ಸೇವೆ ನಡೆಯಲಾರದು; ಆರ್ಕ್ನಿ ದ್ವೀಪಗಳ ಪರಿಷತ್ತು ಇದಕ್ಕೆ ಸಹಾಯಧನ ನೀಡುತ್ತದೆ.

ಪಾಪಾ ವೆಸ್ಟ್ರೇಯಲ್ಲಿರುವ ನ್ಯಾಪ್ ಆಫ್ ಹೋವರ್ ಎಂಬ ನವಶಿಲಾಯುಗದ ಕಲ್ಲಿನ ಮನೆಗಳು ಕ್ರಿ.ಪೂ. 4ನೇ ಸಹಸ್ರಮಾನಕ್ಕೆ ಸೇರಿದವು. ಅವುಗಳನ್ನು ನೋಡಲು ಬರುವ ಪುರಾತತ್ತ್ವ ಆಸಕ್ತರೂ ಈ ವಿಮಾನದಲ್ಲಿ ಪ್ರಯಾಣಿಸುತ್ತಾರೆ.