ಮುತ್ಯಾನ ಬಿಲ್ಲಿಗೆ ಹೆದೆ ಏರಿಸಬೇಕೇ?



ಕೃಷ್ಣಾ, ಮಕ್ತಲ್ ಕಡೆಯ ನಮ್ಮ ಊರುಗಳಲ್ಲಿ ದಸರಾ ಬಂತೆಂದರೆ ಮನೆಯ ಆಯುಧಗಳೆಲ್ಲ ಹೊರಗೆ ಬರುತ್ತವೆ. ಕುಡುಗೋಲು, ಕೊಡಲಿ, ಟ್ರ್ಯಾಕ್ಟರು, ಮಕ್ಕಳ ಪುಸ್ತಕ ಎಲ್ಲಕ್ಕೂ ಕುಂಕುಮ. ನಮ್ಮ ವಿದ್ಯಾರ್ಥಿಯೊಬ್ಬನ ಮನೆಯಲ್ಲಿ ಇವುಗಳ ಜೊತೆ ಒಂದು ಬಿದಿರಿನ ಬಿಲ್ಲೂ ಇತ್ತು. ಸುಮಾರು ಐದಡಿ ಉದ್ದ. ಅಡುಗೆ ಮನೆಯ ಹೊಗೆಗೆ ಕಪ್ಪಾಗಿದೆ. ಎರಡೂ ತುದಿಗೆ ಹೆದೆ ಸಿಕ್ಕಿಸುವ ಕಚ್ಚುಗಳಿವೆ, ಹೆದೆ ಮಾತ್ರ ಇಲ್ಲ.

ಹುಡುಗನ ಅಜ್ಜ ಕೇಳಿದರು: "ಸರ, ಇದು ನಮ್ಮ ಮುತ್ಯಾನ ಕಾಲದ್ದು. ಈ ಸಲ ಮೊಮ್ಮಗನ ಕೈಲೆ ಹೆದಿ ಏರಿಸಿ ಒಂದು ಬಾಣ ಬಿಡಿಸಬೇಕಂತೀನಿ. ಏನಂತೀರಿ?"

ಹುಡುಗನ ಕಣ್ಣೂ ನಮ್ಮ ಮೇಲೇ ಇತ್ತು. ನಮಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ಅವರದು ಬೋಯ ಮನೆತನ. ಭೀಮೆಯ ಆಚೆ ಸುರಪುರ, ಕೃಷ್ಣೆಯ ಆಚೆ ರಾಯಚೂರು. ಅಲ್ಲಿ ಇವರನ್ನೇ ಬೇಡರು, ನಾಯಕರು ಎನ್ನುತ್ತಾರೆ. ಹೆಣ್ಣು ಕೊಟ್ಟು ತರುವ ಸಂಬಂಧವೂ ಉಂಟು. ಆದರೆ ಕರ್ನಾಟಕದಲ್ಲಿ 1991ರಿಂದ ಅವರು ಪರಿಶಿಷ್ಟ ಪಂಗಡ, ಇಲ್ಲಿ ಇವರು ಹಿಂದುಳಿದ ವರ್ಗ! ಈ ಮಾತು ಇನ್ನೊಮ್ಮೆ ಬರೆಯೋಣ.

ಬಿಲ್ಲಿನ ಕಾಲ ಮುಗಿಯತೊಡಗಿದ್ದಕ್ಕೆ ನಮ್ಮ ನೆರೆಯ ನೆಲವೇ ಸಾಕ್ಷಿ. 1520ರಲ್ಲಿ ಕೃಷ್ಣದೇವರಾಯನಿಗೂ ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನಿಗೂ ರಾಯಚೂರಿನ ಬಳಿ ಯುದ್ಧ ನಡೆಯಿತು. ಆದಿಲ್ ಶಾಹನ ಬಳಿ ಭಾರೀ ಫಿರಂಗಿ ಪಡೆ ಇತ್ತು, ಆದರೂ ಸೋತ. ಅವನ ಸೈನ್ಯ ಇದೇ ಕೃಷ್ಣೆಯನ್ನು ದಾಟಿ ಓಡಿತು. ನಂತರ ರಾಯಚೂರು ಕೋಟೆಯ ಮುತ್ತಿಗೆಯಲ್ಲಿ ಪೋರ್ಚುಗೀಸರ ಕೋವಿಗಾರರು ಗೋಡೆಯ ಮೇಲಿನವರನ್ನು ಗುರಿಯಿಟ್ಟು ಹೊಡೆದರೆಂದು ನೂನಿಜ್ ಬರೆದಿದ್ದಾನೆ. ಹಾಗೆಂದು ಬಿಲ್ಲು ಒಂದೇ ದಿನಕ್ಕೆ ಹೋಗಲಿಲ್ಲ. ಒಂದು ಕೋವಿಗೆ ಮದ್ದು ತುಂಬಿ ಬತ್ತಿ ಹಚ್ಚುವಷ್ಟರಲ್ಲಿ ಬಿಲ್ಲುಗಾರ ಹಲವು ಬಾಣ ಬಿಡಬಲ್ಲವನಾಗಿದ್ದ. ಆದ್ದರಿಂದ ಇನ್ನೂ ಬಹಳ ಕಾಲ ಸೈನ್ಯದಲ್ಲಿ ಎರಡೂ ಇದ್ದವು. 1840ರ ದಶಕದಲ್ಲಿ ಮೆಡೋಸ್ ಟೇಲರ್ ಸುರಪುರದಲ್ಲಿದ್ದಾಗ ಬೇಡರ ಕೈಯಲ್ಲಿ ಬತ್ತಿಕೋವಿ ಬಂದಾಗಿತ್ತು.

ಆಮೇಲೆ ಬಂದದ್ದು ಕಾಯ್ದೆ. 1857ರಲ್ಲಿ ಆಯುಧ ಒಪ್ಪಿಸಿರೆಂದು ಸರಕಾರ ಹೇಳಿದಾಗ ಮುಧೋಳ ಬಳಿಯ ಹಲಗಲಿಯ ಬೇಡರು ಒಪ್ಪಲಿಲ್ಲ. ಊರನ್ನು ಸುಟ್ಟರು, 19 ಜನರನ್ನು ಗಲ್ಲಿಗೇರಿಸಿದರು. ಮುಂದಿನ ವರ್ಷ ಸುರಪುರದ ರಾಜಾ ವೆಂಕಟಪ್ಪ ನಾಯಕ ಸೆರೆಯಾಗಿ, ಗುಂಡೇಟಿನಿಂದ ತೀರಿಕೊಂಡ. 1878ರ ಆಯುಧ ಕಾಯ್ದೆಯಲ್ಲಂತೂ ಬಂದೂಕು, ಕತ್ತಿಗಳ ಸಾಲಿನಲ್ಲೇ ಬಿಲ್ಲು-ಬಾಣದ ಹೆಸರೂ ಇದೆ. ಅದು ಬ್ರಿಟಿಷ್ ಇಂಡಿಯಾದ ಕಾಯ್ದೆ. ನಮ್ಮ ಈ ಸೀಮೆ ನಿಜಾಮರದು. ಇಷ್ಟೆಲ್ಲ ಆದಮೇಲೂ ಒಂದು ಮನೆಯಲ್ಲಿ ಬಿಲ್ಲು ಉಳಿದಿದೆ ಎಂದರೆ, ಅದನ್ನು ಒಂದು ಬಾಣಕ್ಕಾಗಿ ಕಳೆದುಕೊಳ್ಳುವುದೇ?

ಕಳೆದುಕೊಳ್ಳುವ ಭಯ ಸುಳ್ಳಲ್ಲ. ಬಿಲ್ಲು ಎಳೆದಾಗ ಅದರ ಹೊಟ್ಟೆಯ ಭಾಗ ಒತ್ತಿಕೊಳ್ಳುತ್ತದೆ, ಬೆನ್ನಿನ ಭಾಗ ಹಿಗ್ಗುತ್ತದೆ. ಹಸಿತನ ಆರಿದ ಹಳೆ ಬಿದಿರಿನ ನಾರು ಆ ಎಳೆತ ತಾಳದು. ನಾವು ಬಿಲ್ಲನ್ನು ಬಿಸಿಲಿಗೆ ಹಿಡಿದು ನೋಡಿದೆವು. ಹಿಡಿಯ ಬಳಿ ಕೂದಲೆಳೆಯಷ್ಟು ಸೀಳು, ಪಕ್ಕದಲ್ಲಿ ಹುಳು ಕೊರೆದ ಎರಡು ತೂತು. ಮುರಿದರೆ ಚೂರು ಮುಖಕ್ಕೇ ಬಡಿಯುತ್ತದೆ. ಬಾಣವಿಲ್ಲದೆ ಸುಮ್ಮನೆ ಹೆದೆ ಎಳೆದು ಬಿಡುವುದು ಇನ್ನೂ ಕೆಟ್ಟದ್ದು. ಬಾಣಕ್ಕೆ ಹೋಗಬೇಕಾದ ಕಸುವೆಲ್ಲ ಬಿಲ್ಲಿಗೇ ತಿರುಗುತ್ತದೆ. ಹೊಸ ಬಿಲ್ಲಿಗೂ ಇದು ಕೂಡದು.

ಅಜ್ಜನಿಗೆ ಹೇಳುವುದು ಹೇಗೆ? ಆಗ ಮಹಾಭಾರತ ನೆನಪಾಯಿತು. ಬನ್ನಿ ಮರದಿಂದ ಪಾಂಡವರು ಆಯುಧ ಇಳಿಸಿದ ಕಥೆ ದಸರಾದಲ್ಲಿ ಎಲ್ಲರೂ ಹೇಳುತ್ತಾರೆ. ಮುಂದಿನದನ್ನು ಹೇಳುವವರು ಕಡಿಮೆ. ಮೌಸಲ ಪರ್ವದಲ್ಲಿ ಅರ್ಜುನ ಅದೇ ಗಾಂಡೀವಕ್ಕೆ ಹೆದೆ ಏರಿಸಲು ಹೆಣಗುತ್ತಾನೆ. ಕೊನೆಗೆ ಅಗ್ನಿಯ ಮಾತಿನಂತೆ ಅದನ್ನು ನೀರಿಗೆ ಬಿಟ್ಟು ವರುಣನಿಗೆ ಹಿಂದಿರುಗಿಸುತ್ತಾನೆ.

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರ ಹೊಳಿಗೆ ಬಿಡಬೇಕೇನು ಸರ?" ಅಂದರು. ನಾವು ಗಾಬರಿಯಾದೆವು! ಕಥೆ ಹೇಳಿ ಬಿಲ್ಲನ್ನೇ ಕೃಷ್ಣೆಯ ಪಾಲು ಮಾಡುತ್ತಿದ್ದೆವಲ್ಲ. ಬೇಡ ಮುತ್ಯಾ, ಅಳತೆ ತೆಗೆದುಕೊಳ್ಳೋಣ ಎಂದೆವು. ಇಂಗ್ಲೆಂಡಿನಲ್ಲಿ 1545ರಲ್ಲಿ ಮುಳುಗಿದ ಮೇರಿ ರೋಸ್ ಹಡಗಿನಿಂದ ನೂರಕ್ಕೂ ಹೆಚ್ಚು ಬಿಲ್ಲುಗಳು ಸಿಕ್ಕಿದಾಗ, ಅಳತೆಗೆ ಸರಿಯಾಗಿ ಹೊಸ ಬಿಲ್ಲು ಮಾಡಿ ಅವುಗಳ ಕಸುವು ಪರೀಕ್ಷಿಸಿದರು.

ಹುಡುಗ ನೋಟ್‌ಬುಕ್ಕಿನಲ್ಲಿ ಉದ್ದ, ಹಿಡಿಯ ಸುತ್ತಳತೆ, ತುದಿಯ ದಪ್ಪ, ಕಚ್ಚಿನ ಆಳ ಎಲ್ಲ ಬರೆದುಕೊಂಡ. ಅಜ್ಜ ಬುಟ್ಟಿ ಹೆಣೆಯುವವರ ಹತ್ತಿರ ಬಲಿತ ಬಿದಿರು ಹೇಳಿದ್ದಾರೆ. ಅದು ನೆರಳಲ್ಲಿ ಒಣಗಬೇಕು, ಆದ್ದರಿಂದ ಬಾಣ ಬರುವ ದಸರಾಕ್ಕೆ. ಹಳೆಯ ಬಿಲ್ಲು ಈಗ ಒಲೆಯಿಂದ ದೂರ, ಪಡಸಾಲೆಯ ಗೋಡೆಗೆ ಎರಡು ಗೂಟದ ಮೇಲೆ ಅಡ್ಡ ಮಲಗಿದೆ. ಹೆದೆ ಇಲ್ಲ. ಕುಂಕುಮ ಇದೆ.