ಕುಡುಗೋಲಿನ ಕಬ್ಬಿಣ ಹುಟ್ಟಿದ್ದೆಲ್ಲಿ?

ಕುಡುಗೋಲಿನ ಕಬ್ಬಿಣ ಗಣಿಯಿಂದ ಬರುತ್ತೆ ಅಂತ ನಮಗೆಲ್ಲ ಗೊತ್ತು. ಗಣಿಗೆ ಎಲ್ಲಿಂದ ಬಂತು? ಭೂಮಿ ಹುಟ್ಟುವ ಮೊದಲೇ ಸತ್ತುಹೋದ ನಕ್ಷತ್ರಗಳಿಂದ. ಇದನ್ನು ಲೆಕ್ಕ ಸಮೇತ ವಿವರಿಸಿದ ನಾಲ್ವರ ಕಥೆಯನ್ನು ಇವತ್ತು ಹೇಳುತ್ತೇವೆ.

ಹೈಡ್ರೋಜನ್ ಬೆಸೆದು ಹೀಲಿಯಂ ಆಗುವುದರಿಂದ ಸೂರ್ಯ ಉರಿಯುತ್ತಾನೆ ಎಂಬುದು 1950ರ ಹೊತ್ತಿಗೆ ತಿಳಿದಿತ್ತು. ಕಾರ್ಬನ್, ಕಬ್ಬಿಣ, ಚಿನ್ನ ಹೇಗಾದವು? ಅವೂ ನಕ್ಷತ್ರಗಳಲ್ಲೇ ಆದವು ಎಂದರು ಇಂಗ್ಲೆಂಡಿನ ಫ್ರೆಡ್ ಹೊಯ್ಲ್. ಹಾಗಾಗಬೇಕಾದರೆ ಕಾರ್ಬನ್ ನ್ಯೂಕ್ಲಿಯಸ್ಸಿಗೆ ಇಂಥದ್ದೇ ಒಂದು ಶಕ್ತಿಮಟ್ಟ ಇರಲೇಬೇಕು ಎಂದು ಅಮೆರಿಕದ ಕ್ಯಾಲ್ಟೆಕ್ ಸಂಸ್ಥೆಯಲ್ಲಿ ವಾದಿಸಿದರು. ಅಲ್ಲಿನ ವಿಲಿಯಂ ಫೌಲರ್ ಮೊದಲು ನಂಬಲಿಲ್ಲ. 1953ರಲ್ಲಿ ಅಳೆದು ನೋಡಿದರೆ, ಹೊಯ್ಲ್ ಹೇಳಿದ ಕಡೆಯೇ ಅದು ಸಿಕ್ಕಿತು!

ಮರುವರ್ಷ ಫೌಲರ್ ಇಂಗ್ಲೆಂಡಿನ ಕೇಂಬ್ರಿಡ್ಜ್‌ಗೆ ಬಂದರು. ಅಲ್ಲಿ ಮಾರ್ಗರೆಟ್ ಮತ್ತು ಜೆಫ್ರಿ ಬರ್ಬಿಜ್ ದಂಪತಿ ಜೊತೆಯಾದರು. ಮಾರ್ಗರೆಟ್ ನಕ್ಷತ್ರದ ಬೆಳಕನ್ನು ಬಿಡಿಸಿ, ಯಾವ ಧಾತು ಎಷ್ಟಿದೆ ಎಂದು ಓದುವವರು. ಫೌಲರ್ ಪ್ರಯೋಗಾಲಯದವರು. ಹೊಯ್ಲ್, ಜೆಫ್ರಿ ಲೆಕ್ಕ ಬಿಡಿಸುವವರು. ಒಬ್ಬರ ಕೈಲಿ ಮುಗಿಯುವ ಕೆಲಸವೇ ಅಲ್ಲ ಅದು.

ಮುಂದೆ ನಾಲ್ವರೂ ಕ್ಯಾಲಿಫೋರ್ನಿಯಾದಲ್ಲಿ ಸೇರಿದರು. ಅಲ್ಲಿನ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿ ಹೆಂಗಸರಿಗೆ ದೂರದರ್ಶಕ ಕೊಡುತ್ತಿರಲಿಲ್ಲ. ಅರ್ಜಿ ಹಾಕಿದ್ದು ಜೆಫ್ರಿ. ಸಹಾಯಕಿ ಎನ್ನಿಸಿಕೊಂಡು ಬೆಟ್ಟ ಹತ್ತಿ ನಕ್ಷತ್ರ ನೋಡಿದ್ದು ಮಾರ್ಗರೆಟ್.

1957ರ ಅಕ್ಟೋಬರ್‌ನಲ್ಲಿ ನಾಲ್ವರ ಪ್ರಬಂಧ ಅಚ್ಚಾಯಿತು. ನೂರಕ್ಕೂ ಹೆಚ್ಚು ಪುಟ. ಅದರ ಸಾರ ಇಷ್ಟು: ದೊಡ್ಡ ನಕ್ಷತ್ರದಲ್ಲಿ ಹಗುರ ಧಾತುಗಳು ಬೆಸೆದು ಭಾರದವು ಆಗುತ್ತಾ ಹೋಗುತ್ತವೆ. ಕಬ್ಬಿಣದವರೆಗೆ ಬಂದ ಮೇಲೆ ಬೆಸೆಯುವುದರಿಂದ ಶಕ್ತಿ ಹುಟ್ಟುವುದಿಲ್ಲ. ಒಲೆ ಆರಿದ ನಕ್ಷತ್ರ ಕುಸಿದು ಸಿಡಿಯುತ್ತದೆ, ಒಡಲಲ್ಲಿದ್ದದ್ದು ಆಕಾಶಕ್ಕೆ ಚೆಲ್ಲುತ್ತದೆ. ಚಿನ್ನದಂಥವು ನ್ಯೂಟ್ರಾನ್‌ಗಳನ್ನು ನುಂಗಿ ನುಂಗಿ ಆಗುತ್ತವೆ.

1983ರಲ್ಲಿ ಈ ಕೆಲಸಕ್ಕೆ ನೊಬೆಲ್ ಬಂತು. ನಾಲ್ವರಲ್ಲಿ ಸಿಕ್ಕಿದ್ದು ಫೌಲರ್ ಒಬ್ಬರಿಗೆ. ಮೂಲ ಯೋಚನೆಯ ಹೊಯ್ಲ್ ಹೆಸರಿಲ್ಲ, ರಾತ್ರಿಯಿಡೀ ಎಚ್ಚರವಿದ್ದು ನಕ್ಷತ್ರ ನೋಡಿದ ಮಾರ್ಗರೆಟ್ ಹೆಸರೂ ಇಲ್ಲ. ಆ ಪ್ರಬಂಧದಲ್ಲಿ ಮಾತ್ರ ಹೆಸರುಗಳನ್ನು ಅಕ್ಷರ ಕ್ರಮದಲ್ಲಿ ಹಾಕಿದ್ದರು. ಮೊದಲ ಹೆಸರು ಮಾರ್ಗರೆಟ್ ಅವರದು. ನಾವೂ ಆ ಕ್ರಮದಲ್ಲೇ ನೆನಪಿಟ್ಟುಕೊಳ್ಳೋಣ.